ಬಿಡಾರದ ಬಯಲು ಯಾರದು?

ಈಚೆಗೆ ನಮ್ಮ ವಿದ್ಯಾವಂತ ಗೃಹಸ್ಥರಲ್ಲಿ ಒಂದು ಹೊಸ ಆಸೆಯು ಅಂಕುರಿಸಿರುವುದು ಕಂಡುಬರುತ್ತದೆ. ಮನೆಯೇ ಚಕ್ರಗಳ ಮೇಲೆ ಏರಿ ಕುಳಿತಂತಿರುವ ವಾಹನವೊಂದರಲ್ಲಿ ಮಡದಿ ಮಕ್ಕಳನ್ನೂ ವೃದ್ಧರಾದ ತಾಯಿತಂದೆಗಳನ್ನೂ ಕುಳ್ಳಿರಿಸಿಕೊಂಡು, ಹಾಸಿಗೆ ಹೊದಿಕೆ, ಪಾತ್ರೆ ಪಡಗಗಳೊಡನೆ ಹೊರಟು, ವಾರಗಟ್ಟಲೆ ದೇಶವನ್ನು ಸುತ್ತಬೇಕು; ಹೊತ್ತು ಮುಳುಗಿದ ಕಡೆಯಲ್ಲಿ ಇಳಿದು, ಅಲ್ಲಿಯೇ ಅಡಿಗೆ ಮಾಡಿ ಉಂಡು ಮಲಗಿ, ಬೆಳಗಾಗುತ್ತಲೆ ಮುಂದಿನ ಊರಿಗೆ ಸಾಗಬೇಕು ಎಂಬುದೇ ಆ ಆಸೆ. ಅಮೆರಿಕದಲ್ಲಿ ನೆಲಸಿರುವ ನಮ್ಮ ಮಕ್ಕಳು ಬೇಸಗೆಯ ರಜೆಯಲ್ಲಿ ಹೀಗೆ ಸಂಚರಿಸಿ, ಅದರ ವೃತ್ತಾಂತವನ್ನು ಚಿತ್ರಗಳ ಸಹಿತ ಊರಿಗೆ ಕಳುಹಿಸುತ್ತಾರೆ. ಅಲ್ಲಿ ಈ ವಾಹನಕ್ಕೆ ಆರ್.ವಿ. ಎಂದೂ ಬ್ರಿಟನ್ನಿನಲ್ಲಿ ಕ್ಯಾರವಾನ್ ಎಂದೂ ಹೆಸರು. ನೆರೆಯ ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ನಮ್ಮ ರಾಜ್ಯದ 2020ರ ಪ್ರವಾಸೋದ್ಯಮ ನೀತಿಯೂ ಅದನ್ನು ಹೆಸರಿಸಿದೆ.

ಆಸೆಯೇನೋ ಒಳ್ಳೆಯದೇ. ಆದರೆ ಅದರ ಬೆನ್ನಿಗೆ ಒಂದು ವಾದವೂ ಹೊರಟಿದೆ. "ನಮ್ಮ ಜನರಿಗೆ ಸಂಸಾರ ಸಮೇತ ಪ್ರವಾಸ ಮಾಡುವ ಬಗೆಯೇ ತಿಳಿಯದು. ಶಿಕಾರಿಪುರ ಸೊರಬಗಳಂತಹ ಸೀಮೆಯಲ್ಲಿ ಬಳ್ಳಿಗಾವಿ, ತಾಳಗುಂದ, ಚಂದ್ರಗುತ್ತಿ, ಗುಡವಿಯ ಪಕ್ಷಿಧಾಮ ಮೊದಲಾದ ಸ್ಥಳಗಳಿದ್ದರೂ ಸಭ್ಯರು ಇಳಿದುಕೊಳ್ಳಲು ತಾವಿಲ್ಲ. ಅಲ್ಲಲ್ಲಿ ಬೇಲಿ ಹಾಕಿ, ಕಾವಲಿರಿಸಿ, ಹಣ ತೆತ್ತವರಿಗೆ ಮಾತ್ರ ಪ್ರವೇಶವಿರುವಂತೆ ಕ್ಯಾರವಾನ್ ಉದ್ಯಾನಗಳನ್ನು ಮಾಡಬೇಕು, ಅದಕ್ಕೆ ಸರ್ಕಾರಿ ನೆಲವನ್ನು ಕೊಡಬೇಕು" ಎಂಬುದು ಆ ವಾದದ ಸಾರ. ಇದರಲ್ಲಿ ಎರಡು ಮಾತುಗಳಿವೆ. ಮೊದಲನೆಯದು ಸುಳ್ಳು, ಎರಡನೆಯದು ಅನ್ಯಾಯ. ಎರಡನ್ನೂ ಇಲ್ಲಿ ವಿಚಾರಿಸಿ ನೋಡೋಣ.

ಸಂಸಾರ ಸಮೇತ ಪ್ರವಾಸವು ನಮ್ಮ ಜನರಿಗೆ ತಿಳಿಯದೆ? ಎರಡು ತಲೆಮಾರುಗಳ ಹಿಂದಿನವರೆಗೆ ಈ ಸೀಮೆಯ ಒಕ್ಕಲ ಮನೆಗಳಲ್ಲಿ ಕಮಾನುಗಾಡಿ ಇತ್ತು. ಸುಗ್ಗಿ ಮುಗಿದು ಕಣವು ಬರಿದಾದ ಮೇಲೆ ಅದರ ತಳಕ್ಕೆ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ಅಕ್ಕಿ ಬೇಳೆ, ಬುತ್ತಿಯ ಗಂಟು, ಎತ್ತುಗಳಿಗೆ ಹಿಂಡಿ ಹುರುಳಿ ತುಂಬಿ, ಅಚ್ಚಿನ ಕೆಳಗೆ ಲಾಂದ್ರವನ್ನು ತೂಗಹಾಕಿ ಹೊರಡುತ್ತಿದ್ದರು. ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರಿಗೆ, ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೆ, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆಗೆ, ಭರತಹುಣ್ಣಿಮೆಯ ಸುಮಾರಿಗೆ ಮೈಲಾರಕ್ಕೆ, ಸವದತ್ತಿಯ ಎಲ್ಲಮ್ಮನಿಗೆ, ಹೀಗೆ ಗಾಡಿಗಳು ಸಾಲುಗಟ್ಟಿ ಸಾಗುತ್ತಿದ್ದವು. ದಿನಕ್ಕೆ 10–15 ಮೈಲಿಯ ನಡೆ. ನೀರಿದ್ದಲ್ಲಿ ಎತ್ತು ಬಿಚ್ಚುವುದು, ಮೂರು ಕಲ್ಲು ಹೂಡಿ ಒಲೆ ಹೊತ್ತಿಸುವುದು, ಗಾಡಿಯ ಒಳಗೆ ಹೆಂಗಸರು ಮಕ್ಕಳು, ಕೆಳಗೆ ಗಂಡಸರು ಮಲಗುವುದು. ಮನೆಯೊಂದು ಚಕ್ರಗಳ ಮೇಲೆ ಹೊರಟು ಹಾದಿಯಲ್ಲಿ ಬಿಡಾರ ಮಾಡುವುದೆಂದರೆ ಇದಲ್ಲದೆ ಬೇರೇನು?

ಗಾಡಿಗಳು ಹೋದವು, ಆದರೆ ಪದ್ಧತಿಯು ಹೋಗಲಿಲ್ಲ. ಇಂದಿಗೂ ಎಲ್ಲಮ್ಮನ ಗುಡ್ಡದ ಸುತ್ತಲಿನ ಬಯಲನ್ನಾಗಲಿ ಮೈಲಾರದ ಹೊಲಗಳನ್ನಾಗಲಿ ಜಾತ್ರೆಯ ಕಾಲದಲ್ಲಿ ನೋಡತಕ್ಕದ್ದು. ಟ್ರಾಕ್ಟರಿನ ಹಿಂದಿನ ಟ್ರೇಲರಿಗೆ ಬಿದಿರ ದಬ್ಬೆ ಬಾಗಿಸಿ ಕಟ್ಟಿ, ಮೇಲೆ ಟಾರ್ಪಾಲು ಹೊದಿಸಿ, ಒಳಗೆ ಅಜ್ಜಿಯಿಂದ ಹಸುಗೂಸಿನವರೆಗೆ ಮನೆಮಂದಿಯೆಲ್ಲ ಕುಳಿತು ಬಂದಿರುತ್ತಾರೆ. ಹೋಳಿಗೆ, ಕಡಬು, ಪಲ್ಯಗಳನ್ನು ಅಲ್ಲಿಯೇ ಬೇಯಿಸಿ, ಎಲ್ಲಮ್ಮನ ಹೆಸರಿನಲ್ಲಿ ಪಡ್ಡಲಗಿ ತುಂಬಿಸಿ, ನೆರೆಯ ಬಿಡಾರದವರನ್ನೂ ಕರೆದು ಉಣ್ಣಿಸುತ್ತಾರೆ. ಮಾಲು ಸಾಗಿಸುವ ಟ್ರೇಲರಿನಲ್ಲಿ ಮನುಷ್ಯರನ್ನು ಕೂರಿಸುವುದು ಕಾನೂನಿಗೆ ವಿರುದ್ಧವೂ ಅಪಾಯಕರವೂ ಹೌದು. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅದು ವಾಹನದ ದೋಷವೇ ಹೊರತು ಪ್ರವಾಸದ ದೋಷವಲ್ಲ. ಕೆಲಸ, ಹರಕೆ, ಬಂಧುಸಮಾಗಮ, ದೇಶದರ್ಶನಗಳನ್ನು ಒಂದೇ ಯಾತ್ರೆಯಲ್ಲಿ ಸಾಧಿಸಬಲ್ಲ ಈ ಜನರನ್ನು ಪ್ರವಾಸವರಿಯದವರೆಂದು ಕರೆಯುವುದು ಪೇಟೆಯ ಅಜ್ಞಾನವಲ್ಲದೆ ಮತ್ತೇನೂ ಅಲ್ಲ.

ಇದರಲ್ಲಿ ಇನ್ನೊಂದು ಸ್ವಾರಸ್ಯವುಂಟು. ವಿಹಾರಕ್ಕಾಗಿ ಮಾಡಿಸಿದ ಮೊದಲ ಕ್ಯಾರವಾನ್ ಎಂದು ಬ್ರಿಟನ್ನಿನವರು ಹೇಳಿಕೊಳ್ಳುವ ವಾಹನವು 1885ರದು. ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ನಿವೃತ್ತ ವೈದ್ಯನು ಅದನ್ನು ಬ್ರಿಸ್ಟಲ್ ನಗರದಲ್ಲಿ ಕಟ್ಟಿಸಿ, 'ವಾಂಡರರ್' ಎಂದು ಹೆಸರಿಟ್ಟು, ಕುದುರೆಗಳನ್ನು ಹೂಡಿಸಿ ಸ್ಕಾಟ್ಲೆಂಡಿನವರೆಗೆ ಪ್ರಯಾಣ ಮಾಡಿದನು. ಅವನಿಗೆ ಮಾದರಿಯಾದುದು ಯಾವುದು? ಜಿಪ್ಸಿಗಳೆಂದು ಜನ ಕರೆಯುತ್ತಿದ್ದ ರೋಮಾ ಅಲೆಮಾರಿಗಳ ಮನೆಬಂಡಿ. 1907ರ ಹೊತ್ತಿಗೆ ಕ್ಯಾರವಾನ್ ಪ್ರಿಯರ ಸಂಘವೇ ಅಲ್ಲಿ ಸ್ಥಾಪಿತವಾಯಿತು. ಬಂಡಿಯನ್ನು ಅನುಕರಿಸಿದವರಿಗೆ ವಿಹಾರಿಗಳೆಂಬ ಗೌರವವು ದೊರಕಿತು. ಅದನ್ನು ತಲೆಮಾರುಗಳಿಂದ ಬಾಳಿಸಿಕೊಂಡು ಬಂದವರನ್ನು ಊರ ಬಯಲುಗಳಿಂದ ಎಬ್ಬಿಸಿ ಅಟ್ಟುವುದು ಮಾತ್ರ ನಿಲ್ಲಲಿಲ್ಲ.

ನಮ್ಮಲ್ಲಿಯಾದರೂ ನಡೆದುದು ಬೇರೆಯೆ? ಶಿಕಾರಿಪುರ ತಾಲ್ಲೂಕಿನಲ್ಲಿ ಲಂಬಾಣಿಗರ ತಾಂಡಗಳು ಬಹುಸಂಖ್ಯೆಯಲ್ಲಿವೆ. ಅವರ ಆರಾಧ್ಯ ಸೇವಾಲಾಲರ ಜನ್ಮಸ್ಥಳವೆಂದು ಪೂಜೆಗೊಳ್ಳುವ ಸೂರಗೊಂಡನಕೊಪ್ಪವೂ ಇಲ್ಲಿಗೆ ದೂರವಲ್ಲ. ಎತ್ತುಗಳ ಬೆನ್ನಿನ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು, ಹೆಂಡಿರು ಮಕ್ಕಳೊಡನೆ ದಕ್ಷಿಣಾಪಥವನ್ನೆಲ್ಲ ಸಂಚರಿಸಿ, ಊರುಗಳಿಗೂ ಸೈನ್ಯಗಳಿಗೂ ದವಸ ಒದಗಿಸಿದವರು ಇವರು. ತಾಂಡ ಎಂಬ ಮಾತು ಮೊದಲು ಈ ಚಲಿಸುವ ತಂಡಕ್ಕೆ ಸಂದದ್ದು. ನೆಲೆಯೂರಿದ ಮೇಲೆ ಊರಿಗೆ ಹೆಸರಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದು, ಉಪ್ಪಿನ ವ್ಯಾಪಾರವು ಸರ್ಕಾರದ ಕೈಸೇರಿ, ಅವರ ಕಸುಬು ಕುಸಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಊರೂರು ತಿರುಗುವ ಅನೇಕ ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡಿತು. ಅದು ರದ್ದಾದುದು ಸ್ವಾತಂತ್ರ್ಯ ಬಂದ ಐದು ವರ್ಷಗಳ ಮೇಲೆ, 1952ರಲ್ಲಿ. ಕಾಯಿದೆ ಅಳಿದರೂ ಸಂಶಯವು ಅಳಿಯಲಿಲ್ಲ. ಇಂದು ಊರ ಹೊರಗೆ ಬಣ್ಣದ ಮೋಟಾರು ನಿಂತರೆ ನೆರೆಯವರು ಕುತೂಹಲದಿಂದ ಮಾತನಾಡಿಸಲು ಹೋಗುತ್ತಾರೆ. ಅಲ್ಲಿಯೇ ಹರಕು ಗುಡಾರವೊಂದು ಎದ್ದರೆ ಠಾಣೆಗೆ ವರದಿ ಹೋಗುತ್ತದೆ. ಸುಗ್ಗಿಯ ಬಳಿಕ ಕುರಿಮಂದೆಯೊಡನೆ ಬರುವ ಕುರಿಗಾಹಿಯ ಸಂಸಾರಕ್ಕೂ ಹೊಲದೊಡೆಯನಿಗೆ ಗೊಬ್ಬರ ಬೇಕಾದಷ್ಟು ದಿನ ಮಾತ್ರ ಆದರ. ಹಣವಂತನು ತಂಗಿದರೆ ವಿಹಾರವೆಂದೂ ಬಡವನು ತಂಗಿದರೆ ಅತಿಕ್ರಮಣವೆಂದೂ ಎರಡು ನಿಘಂಟುಗಳನ್ನು ನಾವು ಇಟ್ಟುಕೊಂಡಿದ್ದೇವೆ.

ಬೇಲಿಯ ಉದ್ಯಾನವು ಈ ಎರಡು ನಿಘಂಟುಗಳನ್ನು ನೆಲದ ಮೇಲೆಯೇ ಬರೆದಿಡುವ ಉಪಾಯ. ಹಣ ಪಡೆಯುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ನೀರು, ದೀಪ, ಕಾವಲುಗಳಿಗೆ ಖರ್ಚುಂಟು, ಅದನ್ನು ಶಕ್ತರು ಕೊಡತಕ್ಕದ್ದೇ. ತನ್ನ ಸ್ವಂತ ತೋಟದಲ್ಲಿ ಒಬ್ಬನು ಬೇಲಿ ಹಾಕಿ ಅತಿಥಿಗಳನ್ನು ಇಳಿಸಿಕೊಂಡರೆ ಅದು ಅವನ ವ್ಯಾಪಾರ. ನಾವು ವಿರೋಧಿಸುವುದು ಸಾರ್ವಜನಿಕರ ನೆಲವನ್ನು ಕೆಲವರ ವಿನೋದಕ್ಕಾಗಿ ಮುಚ್ಚುವುದನ್ನು. ಬೇಲಿಗೆ ಬೇಕೆಂದು ಕೇಳುವ ಆ ನೆಲವು ಎಲ್ಲಿಂದ ಬರುತ್ತದೆ? ಕೆರೆಯಂಗಳದ ಅಂಚು, ಊರ ಗೋಮಾಳ, ಗುಂಡುತೋಪು ಇವುಗಳಿಂದಲೇ ಬರಬೇಕು. ಹಾದಿಹೋಕರು ನೆರಳಿಗೆ ತಂಗಲಿ, ದನಕರುಗಳು ನಿಲ್ಲಲಿ ಎಂದು ಹಿರಿಯರು ಮಾವು, ಹಲಸು, ನೇರಳೆ, ಹುಣಸೆಗಳನ್ನು ನೆಟ್ಟು ಬಿಟ್ಟ ಗುಂಡುತೋಪುಗಳು ಇಂದಿಗೂ ಕಂದಾಯದ ದಾಖಲೆಗಳಲ್ಲಿ ಆ ಹೆಸರಿನಿಂದಲೇ ಇವೆ. ದಾಖಲೆಯಲ್ಲಿರುವ ತೋಪು ನೆಲದ ಮೇಲೆ ಕಾಣದಿರುವ ಊರುಗಳು ಎಷ್ಟಿಲ್ಲ! ಹಳ್ಳಿಗಳ ಸಾಮುದಾಯಿಕ ನೆಲದ ಒತ್ತುವರಿಗಳನ್ನು ತೆರವು ಮಾಡಿಸಿ ಊರಿಗೆ ಮರಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ 2011ರಲ್ಲಿಯೇ ಎಲ್ಲ ರಾಜ್ಯಗಳಿಗೂ ನಿರ್ದೇಶನವಿತ್ತಿದೆ. ಒತ್ತಿದವನಿಂದ ಬಿಡಿಸಿಕೊಂಡ ತೋಪನ್ನು ಗುತ್ತಿಗೆಯ ಹೆಸರಿನಲ್ಲಿ ಮತ್ತೊಬ್ಬನ ಬೇಲಿಯೊಳಗೆ ಸೇರಿಸುವುದಾದರೆ ಬಿಡಿಸಿದುದರ ಫಲವೇನು?

ಈ ಪ್ರಶ್ನೆಯನ್ನು ಬೇರೆ ಯಾವ ಸೀಮೆಯವರು ಕೇಳದಿದ್ದರೂ ಶಿಕಾರಿಪುರ ಸೊರಬಗಳವರು ಕೇಳಲೇಬೇಕು. ಏಕೆಂದರೆ ಈ ನೆಲದ ಕೀರ್ತಿಯೇ ನಡೆದು ಹೋದವರದು, ಬಂದವರನ್ನು ಬರಮಾಡಿಕೊಂಡವರದು. ತಾಳಗುಂದದ ಸ್ತಂಭಶಾಸನವು ಕದಂಬರ ಮೂಲಪುರುಷನಾದ ಮಯೂರಶರ್ಮನು ತನ್ನ ಹಿರಿಯನಾದ ವೀರಶರ್ಮನೊಡನೆ ವಿದ್ಯಾರ್ಜನೆಗಾಗಿ ಕಂಚಿಗೆ ಹೋದುದನ್ನು ಹೇಳುತ್ತದೆ. ಅದೇ ಶಾಸನವು ಕಾಕುತ್ಸ್ಥವರ್ಮನು ದೇವಾಲಯದ ಬಳಿ ಕೆರೆಯನ್ನು ಕಟ್ಟಿಸಿದುದನ್ನೂ ದಾಖಲಿಸಿದೆ. ಅಲ್ಲಮಪ್ರಭು ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು. ಇಬ್ಬರೂ ಹುಟ್ಟಿದ ಊರನ್ನು ಬಿಟ್ಟು ಕಲ್ಯಾಣಕ್ಕೆ ನಡೆದವರು. ಅಂದು ಅವರನ್ನು ಹಾದಿಯ ಊರುಗಳು ಗುರುತಿನ ಚೀಟಿಯನ್ನೂ ಪ್ರವೇಶದ ಶುಲ್ಕವನ್ನೂ ಕೇಳಿ ತಡೆದಿದ್ದರೆ ಕನ್ನಡಕ್ಕೆ ಆಗುತ್ತಿದ್ದ ನಷ್ಟವನ್ನು ವಾಚಕರೇ ಊಹಿಸಬಹುದು.

ಇದಕ್ಕಿಂತಲೂ ಸ್ಪಷ್ಟವಾದ ಸಾಕ್ಷಿಯು ಬಳ್ಳಿಗಾವಿಯ ಕೇದಾರೇಶ್ವರದಲ್ಲಿದೆ. ಕಾಳಾಮುಖ ಯತಿಗಳ ಆ ಕೋಡಿಯ ಮಠವನ್ನು ಕುರಿತ 1162ರ ಶಾಸನವು ಬಿಜ್ಜಳನ ಕಾಲದ್ದು. ಅಲ್ಲಿ ವೇದ, ವ್ಯಾಕರಣ, ದರ್ಶನ, ಕಾವ್ಯನಾಟಕಗಳ ವ್ಯಾಸಂಗವಿದ್ದಿತೆಂದು ಹೇಳಿ ಶಾಸನವು ನಿಲ್ಲುವುದಿಲ್ಲ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕತೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕುಣಿಯುವವರಿಗೆ, ನಾನಾ ದೇಶಗಳಿಂದ ಬಂದ ನಾನಾ ಪಂಥಗಳ ಭಿಕ್ಷುಗಳಿಗೆ ಅಲ್ಲಿ ಅನ್ನವಿದ್ದಿತು, ರೋಗಿಗಳಿಗೆ ಔಷಧವಿದ್ದಿತು, ಸಕಲ ಪ್ರಾಣಿಗಳಿಗೂ ಅಭಯವಿದ್ದಿತು ಎಂದು ಸಾರುತ್ತದೆ. ಈ ಪಟ್ಟಿಯಲ್ಲಿರುವವರಲ್ಲಿ ಇಂದಿನ ಕ್ಯಾರವಾನ್ ಉದ್ಯಾನದ ಬಾಗಿಲನ್ನು ದಾಟಬಲ್ಲವರು ಎಷ್ಟು ಮಂದಿ? ಅಂತಹ ಮಠದ ಅವಶೇಷವನ್ನು ತೋರಿಸುವುದಕ್ಕಾಗಿಯೇ ಅದರ ಮಗ್ಗುಲಲ್ಲಿ ಬೇಲಿ ಹಾಕಿ ದಾರಿಗರನ್ನು ಹೊರಗಿಡುವುದೆಂದರೆ ಶಾಸನವನ್ನು ಓದದೆ ಕಲ್ಲನ್ನು ಮಾತ್ರ ಕಾದಂತಾಗುತ್ತದೆ.

ಹಿಂದಿನದೆಲ್ಲವೂ ನಿರ್ದೋಷವೆಂದು ನಾವು ಹೇಳುವವರಲ್ಲ. ಹಳೆಯ ಛತ್ರಗಳಲ್ಲಿ ಜಾತಿಗೊಂದು ಪಂಕ್ತಿ ಇದ್ದಿತು. ಎಷ್ಟೋ ಬಾವಿಗಳ ಹಗ್ಗವನ್ನು ಮುಟ್ಟುವ ಅಧಿಕಾರ ಎಲ್ಲರಿಗೂ ಇರಲಿಲ್ಲ. ಮೈಸೂರು ಸಂಸ್ಥಾನದ ದಿನಗಳಲ್ಲಿ ಅಧಿಕಾರಿಗಳಿಗೆ ಪ್ರವಾಸಿ ಬಂಗಲೆ, ಸಾಮಾನ್ಯರಿಗೆ ಮುಸಾಫಿರಖಾನೆ ಎಂದು ಎರಡು ಬಗೆಯಾಗಿದ್ದಿತು. ಆದರೆ ಇದರಿಂದ ನಾವು ಕಲಿಯಬೇಕಾದ ಪಾಠವೇನು? ಜಾತಿಯ ಪಂಕ್ತಿಯನ್ನು ಮುರಿದ ಮೇಲೆ ಹಣದ ಪಂಕ್ತಿಯನ್ನು ಹಾಕಬೇಕೆಂದೆ? ಛತ್ರದ ದೋಷವು ಅದು ತೆರೆದಿದ್ದುದರಲ್ಲಿರಲಿಲ್ಲ, ಸಾಕಷ್ಟು ತೆರೆದಿರದುದರಲ್ಲಿತ್ತು.

ಹೊರದೇಶಗಳ ನಿದರ್ಶನವೇ ಬೇಕೆನ್ನುವವರು ಅದನ್ನೂ ಪೂರ್ತಿಯಾಗಿ ನೋಡಲಿ. ಸ್ವೀಡನ್ನಿನಲ್ಲಿ ಯಾರ ಬೆಳೆಗೂ ಮನೆಗೂ ತೊಂದರೆಯಾಗದಂತೆ ಬಯಲಿನಲ್ಲಿ ಡೇರೆ ಹೂಡಿ ರಾತ್ರಿ ಕಳೆಯುವುದು ಸರ್ವರ ಹಕ್ಕು. 1994ರಿಂದ ಆ ಹಕ್ಕಿನ ಪ್ರಸ್ತಾಪವು ರಾಜ್ಯಾಂಗದಲ್ಲಿಯೇ ಸೇರಿದೆ. ಸ್ಕಾಟ್ಲೆಂಡು 2003ರ ಭೂಸುಧಾರಣಾ ಕಾಯಿದೆಯಿಂದ ಅಂತಹುದೇ ಹಕ್ಕನ್ನು ಕೊಟ್ಟಿತು. ಮೋಟಾರಿಗೆ ಈ ಹಕ್ಕು ಅಲ್ಲಿಯೂ ಇಲ್ಲವೆಂಬುದು ನಿಜ. ಆದರೆ ಮನುಷ್ಯನು ನೆಲದ ಮೇಲೆ ಒಂದು ರಾತ್ರಿ ತಂಗುವುದು ಅಪರಾಧವಲ್ಲವೆಂಬ ತತ್ತ್ವವನ್ನು ಅವರು ಒಪ್ಪಿದ್ದಾರೆ. ಫ್ರಾನ್ಸಿನಲ್ಲಿ 2000ದ ಕಾಯಿದೆಯಂತೆ 5,000ಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳು ಅಲೆಮಾರಿ ಸಂಸಾರಗಳು ಇಳಿದುಕೊಳ್ಳುವ ಸ್ಥಳವನ್ನು ಏರ್ಪಡಿಸುವ ಹೊಣೆ ಹೊರಬೇಕು. ಇಂಗ್ಲೆಂಡು ಇಂತಹ ಹೊಣೆಯನ್ನು 1968ರಲ್ಲಿ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿ, 1994ರಲ್ಲಿ ಅದನ್ನು ಇಳಿಸಿಬಿಟ್ಟಿತು. ಅಂದಿನಿಂದ ಅಲ್ಲಿ ಊರವರಿಗೂ ಅಲೆಮಾರಿಗಳಿಗೂ ಜಗಳವು ನಿಂತಿಲ್ಲ. ನಾವು ಹೊರಗಿನಿಂದ ತರುವುದಾದರೆ ಬಂಡಿಯೊಂದನ್ನೇ ಏಕೆ ತರಬೇಕು? ಬಂಡಿ ನಿಲ್ಲುವ ಹಕ್ಕನ್ನೂ ತರೋಣ.

ಹಾಗಾದರೆ ಆಗತಕ್ಕದ್ದೇನು? ಹೋಬಳಿಗೊಂದರಂತೆ, ಜಾತ್ರೆ ನಡೆಯುವ ಮತ್ತು ನೋಡತಕ್ಕ ಸ್ಥಳಗಳಿರುವ ಊರುಗಳಲ್ಲಿ ಮೊದಲಾಗಿ, ಬಿಡಾರದ ಬಯಲುಗಳಾಗಬೇಕು. ಎಕರೆಯಷ್ಟು ನೆಲವಿದ್ದರೂ ಸಾಕು. ಮಳೆಗೆ ಕೆಸರಾಗದಂತೆ ಗಟ್ಟಿಮಣ್ಣು ಹಾಕಿ ಬಿಗಿಮಾಡಿದ ಅಂಗಳ. ಹಳೆಯ ಮರಗಳಿದ್ದರೆ ಅವುಗಳಿಗೆ ಕಟ್ಟೆ, ಇಲ್ಲದಿದ್ದರೆ ಹೊಸ ಸಸಿಗಳು. ಕುಡಿಯುವ ನೀರಿನ ನಲ್ಲಿ, ಬಟ್ಟೆ ಒಗೆಯುವ ಕಲ್ಲು. ರಾತ್ರಿಯೆಲ್ಲ ಉರಿಯುವ ದೀಪ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆಯಾಗಿ, ಒಳಗಿನಿಂದ ಅಗುಳಿ ಬೀಳುವ ಬಾಗಿಲಿನ ಪಾಯಿಖಾನೆಗಳು. ನಮ್ಮದು ಅರೆಮಲೆನಾಡಾದುದರಿಂದ ಮಳೆಯಲ್ಲಿ ಒಲೆ ಹೂಡಲು ಹೆಂಚಿನ ಒಂದು ತೆರೆದ ಚಾವಡಿ. ಕ್ಯಾರವಾನಿನವರಿಗೆ ಇನ್ನೊಂದು ಅವಶ್ಯಕತೆಯಿದೆ. ಅವರ ವಾಹನದ ಹೊಟ್ಟೆಯಲ್ಲಿ ಸ್ನಾನದ ನೀರಿಗೊಂದು, ಮಲಮೂತ್ರಕ್ಕೊಂದು ತೊಟ್ಟಿ ಇರುತ್ತದೆ. ಅವನ್ನು ಕೆಲವು ದಿನಗಳಿಗೊಮ್ಮೆ ಬರಿದುಮಾಡಲೇಬೇಕು. ತಕ್ಕ ಗುಂಡಿಯಿಲ್ಲದಿದ್ದರೆ ಅದು ಚರಂಡಿಯ ಮೂಲಕ ಕೆರೆಗೆ ಸೇರುತ್ತದೆ. ಬಿಡಾರದ ಬಯಲಿನಲ್ಲಿ ಮುಚ್ಚಿದ ಮಲಗುಂಡಿಯೊಂದನ್ನು ಕಟ್ಟಿ, ಅದಕ್ಕೆ ತೊಟ್ಟಿಯ ಕೊಳವೆಯನ್ನು ಜೋಡಿಸುವ ಬಾಯಿ ಇಟ್ಟರೆ ಶ್ರೀಮಂತರ ಮೋಟಾರಿಗೂ ಪಾಯಿಖಾನೆಯ ಸಾಲಿಗೂ ಒಂದೇ ಏರ್ಪಾಡು ಆಗುತ್ತದೆ. ವಿದ್ಯುತ್ತು ಬಳಸುವ ವಾಹನಕ್ಕೆ ಮೀಟರಿನಂತೆ ಹಣ ವಸೂಲುಮಾಡಲಿ. ನೆಲಕ್ಕೂ ನೀರಿಗೂ ಯಾರಿಂದಲೂ ಬಾಡಿಗೆ ಬೇಡ. ಒಂದು ಬಿಡಾರವು ಇಂತಿಷ್ಟು ದಿನಕ್ಕಿಂತ ಹೆಚ್ಚು ಇರಕೂಡದೆಂಬ ಕಟ್ಟಳೆಯು ಎಲ್ಲರಿಗೂ ಒಂದೇ ಆಗಿರಲಿ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಮೊದಲನೆಯದು ಹೊಲಸಿನದು. ಜಾತ್ರೆ ಕಳೆದ ಬಯಲನ್ನು ತೋರಿಸಿ, "ಈ ಜನಕ್ಕೆ ಶುಚಿತ್ವವಿಲ್ಲ" ಎನ್ನುತ್ತಾರೆ. ಸಾವಿರಾರು ಜನ ಸೇರುವಲ್ಲಿ ಬೆರಳೆಣಿಕೆಯ ಪಾಯಿಖಾನೆಗಳಿದ್ದು, ಅವುಗಳಲ್ಲಿ ನೀರಿಲ್ಲದಿದ್ದರೆ ರಾಜಕುಮಾರರಾದರೂ ಪೊದೆಯನ್ನೇ ಹುಡುಕಬೇಕು. ಕತ್ತಲಾಗುವವರೆಗೆ ಕಾದು, ನೀರನ್ನೂ ಕುಡಿಯದೆ ದಿನ ಕಳೆಯುವ ಹೆಂಗಸರ ಸಂಕಟವನ್ನು ಟೀಕಿಸುವವರು ವಿಚಾರಿಸಿದ್ದುಂಟೆ? ಎರಡನೆಯದು ಕಳ್ಳತನದ ಭಯ. ದೀಪವಿಲ್ಲದ ರಸ್ತೆಯಂಚಿನಲ್ಲಿ ಚದುರಿ ತಂಗುವುದಕ್ಕಿಂತ ಹತ್ತು ಸಂಸಾರಗಳು ಬೆಳಕಿನಲ್ಲಿ ಒಟ್ಟಿಗೆ ತಂಗುವುದು ಊರಿಗೂ ದಾರಿಗರಿಗೂ ಕ್ಷೇಮಕರ. ಮೂರನೆಯದು, ಇಂತಹ ಬೆರಕೆಯ ಬಯಲಿಗೆ ಸಭ್ಯರು ಬರುವುದಿಲ್ಲ ಎಂಬುದು. ಬಾರದಿದ್ದರೆ ಅವರ ಇಷ್ಟ. ವಸತಿಗೃಹಗಳೂ ಹೋಂಸ್ಟೇಗಳೂ ಇವೆ. ಆದರೆ ದೇಶವನ್ನು ನೋಡಬೇಕು, ಅದರ ಜನವನ್ನು ಮಾತ್ರ ನೋಡಬಾರದು ಎನ್ನುವವರು ಮನೆಯಲ್ಲಿಯೇ ಚಿತ್ರಗಳನ್ನು ನೋಡಿಕೊಂಡಿರಬಹುದಷ್ಟೆ.

ಸಂಸಾರ ಸಮೇತವಾಗಿ ನಿಧಾನವಾಗಿ ಸಂಚರಿಸುವ ಪ್ರವಾಸವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಇಂದು ಜೋಗಕ್ಕೂ ಬನವಾಸಿಗೂ ನಡುವೆ ಓಡುವವನು ಬಳ್ಳಿಗಾವಿಗೆ ಒಂದು ಗಂಟೆಯನ್ನೂ ಕೊಡುವುದಿಲ್ಲ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭದ ಮುಂದೆ ಭಾವಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾನೆ. ತ್ರಿಪುರಾಂತಕೇಶ್ವರದ ಕಿರಿದಾದ ಶಿಲ್ಪಪಟ್ಟಿಕೆಗಳನ್ನು ಮಕ್ಕಳಿಗೆ ತೋರಿಸಲು ಅವನಿಗೆ ಹೊತ್ತಿಲ್ಲ. ಆನವಟ್ಟಿಯ ಹತ್ತಿರದ ಕುಬಟೂರಿನ ಕೈಟಭೇಶ್ವರವು ಅವನ ದಾರಿಗೇ ಬೀಳುವುದಿಲ್ಲ. ಬಿಡಾರವು ಇಲ್ಲಿಯೇ ಇದ್ದರೆ ಮುಂಜಾನೆ ಕೇದಾರೇಶ್ವರ, ಬಿಸಿಲೇರಿದ ಮೇಲೆ ಮರದ ನೆರಳು, ಸಂಜೆಗೆ ತಾಳಗುಂದ, ಮರುದಿನ ಉಡುತಡಿ ಎಂದು ಸಾವಕಾಶವಾಗಿ ನೋಡಬಹುದು. ಊರಿನ ಅಂಗಡಿಯಲ್ಲಿ ಅಕ್ಕಿ ತರಕಾರಿ ಕೊಂಡರೆ ಊರಿಗೂ ನಾಲ್ಕು ಕಾಸು. ಪಕ್ಕದ ಬಿಡಾರದ ಮಕ್ಕಳೊಡನೆ ತಮ್ಮ ಮಕ್ಕಳು ಆಡಿದರೆ ಶಾಲೆ ಕಲಿಸದ ಪಾಠವೊಂದು ಅವರಿಗೆ ದೊರೆತೀತು. ಬೇಲಿಯೊಳಗಿನ ಉದ್ಯಾನವು ಇವುಗಳಲ್ಲಿ ಯಾವುದನ್ನೂ ಕೊಡಲಾರದು. ಬೆಂಗಳೂರಿನ ಬಡಾವಣೆಯನ್ನೇ ಬಳ್ಳಿಗಾವಿಯಲ್ಲಿ ಮತ್ತೊಮ್ಮೆ ತೋರಿಸಿ ಕಳುಹಿಸುತ್ತದೆ.

ಇಂತಹ ಕೆಲಸಕ್ಕೆ ಹಣವೆಲ್ಲಿ ಎಂದು ಕೇಳುವವರು ಸಾಲುಮರದ ತಿಮ್ಮಕ್ಕನವರನ್ನು ನೆನೆಯಲಿ. 2025ರಲ್ಲಿ ತೀರಿಕೊಂಡ ಆ ತಾಯಿ ಪತಿಯೊಡನೆ ಕೊಡಗಳಲ್ಲಿ ನೀರು ಹೊತ್ತು ಹುಲಿಕಲ್ಲಿಗೂ ಕುದೂರಿಗೂ ನಡುವೆ ನೂರಾರು ಆಲದ ಮರಗಳನ್ನು ಬೆಳೆಸಿದರು. ಆ ನೆರಳಿನಲ್ಲಿ ಯಾರು ನಿಲ್ಲಬೇಕು, ಯಾರು ನಿಲ್ಲಬಾರದು ಎಂದು ಅವರು ಬರೆದು ತೂಗಹಾಕಲಿಲ್ಲ. ಕೂಲಿ ಮಾಡಿ ಬದುಕಿದ ದಂಪತಿಗಳಿಗೆ ಸಾಧ್ಯವಾದುದು ಪಂಚಾಯಿತಿಗಳಿಗೂ ದೇವಸ್ಥಾನದ ಸಮಿತಿಗಳಿಗೂ ಸರ್ಕಾರಕ್ಕೂ ಅಸಾಧ್ಯವೆಂದರೆ ನಂಬುವವರಾರು?

ಈ ಪತ್ರಿಕೆಯನ್ನೋದುವ ಮನೆಗಳಲ್ಲಿ ಮುಂದಿನ ಬೇಸಗೆಗೆ ಕ್ಯಾರವಾನನ್ನು ಬಾಡಿಗೆಗೆ ಹಿಡಿಯುವವರೂ ಇರಬಹುದು. ಅವರು ಸಂತೋಷದಿಂದ ಹೊರಡಲಿ. ಆದರೆ ಅದಕ್ಕೆ ಮೊದಲು ತಮ್ಮೂರಿನ ಗ್ರಾಮಸಭೆಗೆ ಒಂದು ಸಲ ಹೋಗಿ ಮೂರು ಪ್ರಶ್ನೆಗಳನ್ನು ಕೇಳಲಿ: ನಮ್ಮ ಗುಂಡುತೋಪು ದಾಖಲೆಯಲ್ಲಿ ಎಷ್ಟಿದೆ, ನೆಲದ ಮೇಲೆ ಎಷ್ಟಿದೆ, ಅದರಲ್ಲಿ ದಾರಿಗರು ಇಂದು ತಂಗಬಹುದೆ? ಕೇಳಿದುದನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಲಿ. ಸರ್ಕಾರವು ಉದ್ಯಾನಕ್ಕೆ ನೆಲ ಕೇಳಿಕೊಂಡು ಬಂದ ದಿನ, ಬೇಲಿಯಿಲ್ಲದ ಬಯಲಾದರೆ ಕೊಡುವೆವು, ಬೇಲಿಯಾದರೆ ಕೊಡೆವು ಎಂದು ಹೇಳುವ ಧೈರ್ಯವು ಊರಿಗೆ ಬರಬೇಕಾದರೆ ಈ ಮೂರು ಪ್ರಶ್ನೆಗಳಿಗೆ ಈಗಲೇ ಉತ್ತರ ಸಿಕ್ಕಿರಬೇಕು.